ಸ್ಟೇಟ್ ಟ್ಯಾಕ್ಸ್ ಇಲ್ಲ ಅಂತ ಟೆಕ್ಸಾಸ್‌ಗೆ ಹೊರಟವರಿಗೆ

ಅಮೆರಿಕಕ್ಕೆ ಹೊಸದಾಗಿ ಬಂದವರು ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತು ಕೇಳುವುದು ಒಂದೇ ಪ್ರಶ್ನೆ: "ಕ್ಯಾಲಿಫೋರ್ನಿಯಾನಾ, ಟೆಕ್ಸಾಸಾ? ಎಲ್ಲಿ ದುಡ್ಡು ಉಳಿಯುತ್ತೆ?" ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ, ಟೆಕ್ಸಾಸ್‌ನಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸೇ ಇಲ್ವಲ್ಲ!

ಇಲ್ಲ, ನಿಜ. ಹಾಗಂತ ಅಲ್ಲಿನ ಶಾಲೆಗಳು ಪುಕ್ಕಟೆ ನಡೆಯುತ್ತವಾ? ಆ ದುಡ್ಡು ಮನೆ ತೆರಿಗೆಯಿಂದ ಬರುತ್ತದೆ. ಡಲ್ಲಾಸ್ ಸುತ್ತಲಿನ ಹೊಸ ಬಡಾವಣೆಗಳಲ್ಲಿ ಅದು ಮನೆ ಬೆಲೆಯ ಶೇಕಡಾ 2ರ ಆಸುಪಾಸು. 5 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ ಹತ್ತಿರಹತ್ತಿರ 10,000 ಡಾಲರ್. ಮನೆ ಸಾಲ ತೀರಿದರೂ ಇದು ತೀರುವುದಿಲ್ಲ. ಬೆಂಗಳೂರಿನ ಕಂದಾಯ ಕಟ್ಟಿ ರೂಢಿಯಾದವರಿಗೆ ಈ ಲೆಕ್ಕ ತಲೆಗೇ ಹತ್ತುವುದಿಲ್ಲ.

ಅದರಲ್ಲೂ ಹೊಸದಾಗಿ ಕಟ್ಟಿದ ಮನೆ ಕೊಂಡರೆ ಎಚ್ಚರ. ಟೆಕ್ಸಾಸ್‌ನಲ್ಲಿ ಜನವರಿ 1ರಂದು ಆಸ್ತಿ ಹೇಗಿತ್ತೋ ಅದಕ್ಕೆ ಬೆಲೆ ಕಟ್ಟುತ್ತಾರೆ. ಅಂದು ಅಲ್ಲಿ ಬರೀ ಸೈಟ್ ಇದ್ದರೆ ಆ ವರ್ಷ ಸೈಟಿಗಷ್ಟೇ ತೆರಿಗೆ. ಸಾಲ ಕೊಟ್ಟ ಬ್ಯಾಂಕು ಈ ತೆರಿಗೆಯನ್ನೂ ಸೇರಿಸಿ ಅದೇ ಲೆಕ್ಕದಲ್ಲಿ ತಿಂಗಳ ಕಂತು ಕೂರಿಸುತ್ತದೆ. ಮರುವರ್ಷ ಇಡೀ ಮನೆಯ ಬಿಲ್ ಬರುತ್ತದೆ, ಹಿಂದಿನ ಕೊರತೆಯೂ ಸೇರಿಕೊಳ್ಳುತ್ತದೆ. ನಮ್ಮ ಕಂತು ಒಮ್ಮೆಗೇ ನೂರಾರು ಡಾಲರ್ ಏರಿದಾಗ ನಾನು ಫೋನಿನಲ್ಲಿ ಬ್ಯಾಂಕಿನವರ ಮೇಲೆ ಹಾರಾಡಿದ್ದೇ ಹಾರಾಡಿದ್ದು. ಆ ಹುಡುಗಿ ಸಮಾಧಾನವಾಗಿ ಹೇಳಿದಳು: "ಸರ್, ಈಗ ನಿಮ್ಮ ಜಾಗದಲ್ಲಿ ಮನೆ ಇದೆ."

ಹೋಮ್‌ಸ್ಟೆಡ್ ಅರ್ಜಿ (ಸ್ವಂತ ವಾಸದ ಮನೆಗೆ ತೆರಿಗೆ ರಿಯಾಯಿತಿ) ಹಾಕಿ, ಕಟ್ಟಿದ ಬೆಲೆ ಜಾಸ್ತಿ ಅನಿಸಿದರೆ ಮೇ 15ರೊಳಗೆ ಪ್ರೊಟೆಸ್ಟ್ ಮಾಡಿ. ಕಾಗದಪತ್ರದ ವಿಷಯ ಅಷ್ಟೇ.

ಕ್ಯಾಲಿಫೋರ್ನಿಯಾ ಉಲ್ಟಾ. 1978ರ ಪ್ರೊಪೊಸಿಷನ್ 13 ಅನ್ನುವ ಕಾನೂನಿನಿಂದಾಗಿ ಮೂಲ ಮನೆ ತೆರಿಗೆ ಶೇಕಡಾ 1, ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಆದರೆ ಅಲ್ಲಿನ ಐಟಿ ಊರು ಸನ್ನಿವೇಲ್‌ನಲ್ಲಿ ಹಳೇ ಪುಟ್ಟ ಮನೆ ಕೊಳ್ಳುವಷ್ಟರಲ್ಲಿ ತಲೆಕೂದಲು ಬೆಳ್ಳಗಾಗಿರುತ್ತದೆ. ಎಲ್ಲರೂ ಹೆದರಿಸುವ 13.3 ಶೇಕಡಾ ಇನ್‌ಕಮ್ ಟ್ಯಾಕ್ಸ್ ಮಾತ್ರ ನಮ್ಮಂಥವರಿಗಲ್ಲ, 10 ಲಕ್ಷ ಡಾಲರ್ ದಾಟಿದ ಆದಾಯಕ್ಕೆ. ಬಾಡಿಗೆಗೆ ಇರುವ ಒಂಟಿ ಹುಡುಗರಿಗೆ ಟೆಕ್ಸಾಸ್ ಅಗ್ಗ, ಅದರಲ್ಲಿ ನನಗೆ ತಕರಾರಿಲ್ಲ.

ನ್ಯೂಜೆರ್ಸಿಯಲ್ಲಿದ್ದು ನ್ಯೂಯಾರ್ಕ್ ಆಫೀಸಿಗೆ ಹೋದರೆ ನ್ಯೂಯಾರ್ಕ್ ಟ್ಯಾಕ್ಸ್ ತಪ್ಪುತ್ತೆ ಅಂತ ಕೆಲವರು ಹೇಳುತ್ತಾರೆ. ಸುಳ್ಳು. ತಪ್ಪುವುದು ನಗರದ ಟ್ಯಾಕ್ಸ್ ಮಾತ್ರ. ಮನೆ ಕೊಂಡರೆ ನ್ಯೂಜೆರ್ಸಿಯ ಪ್ರಾಪರ್ಟಿ ಟ್ಯಾಕ್ಸ್ ಬೇರೆ ಕಾದಿರುತ್ತದೆ.

ಊರು ಬದಲಿಸುವ ಮುಂಚೆ ಮಕ್ಕಳ ತರಗತಿ ನೋಡಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಹೊರ ರಾಜ್ಯದ ಮಕ್ಕಳಿಂದ ವರ್ಷಕ್ಕೆ 30,000 ಡಾಲರ್‌ಗೂ ಮೀರಿ ಹೆಚ್ಚುವರಿ ಫೀಸು ವಸೂಲಿ ಮಾಡುತ್ತದೆ. ನೀವು ಉಳಿಸಿದ ಸ್ಟೇಟ್ ಟ್ಯಾಕ್ಸೆಲ್ಲ ಅಲ್ಲಿಗೇ ಸೋರಿಹೋಗಬಹುದು. ಫೀಸು ಹೋಗಲಿ, ಹತ್ತನೇ ತರಗತಿಯ ಹುಡುಗಿಯನ್ನು ಗೆಳತಿಯರಿಂದ ಕಿತ್ತು ತಂದರೆ ಮನೆಯಲ್ಲಿ ತಿಂಗಳುಗಟ್ಟಲೆ ಮಾತಿಲ್ಲ. ನಾವು ಟೆಕ್ಸಾಸ್‌ಗೆ ಬರುವಾಗ ಕರಿಬೇವಿನ ಗಿಡವನ್ನೂ ಬಿಟ್ಟು ಬರಬೇಕಾಯಿತು. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಮೇಲೂ ಕೂರುತ್ತದಂತೆ, ಹಾಗಾಗಿ ಗಿಡ ಸಾಗಿಸಲು ನಿರ್ಬಂಧ. ಈಗ ನಾಲ್ಕು ಕಡ್ಡಿ ಸೊಪ್ಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೊಂಡು ತರುತ್ತೇವೆ.

ಯಾವ ಕ್ಯಾಲ್ಕುಲೇಟರ್‌ನಲ್ಲೂ ಬಾರದ ಖರ್ಚು ಇನ್ನೊಂದಿದೆ. ಅಪ್ಪ ಮೈಸೂರಿನಲ್ಲಿ ಬೆಳಗಾದರೆ ಹಾಲು, ಪೇಪರ್ ತರಲು ನಡೆದೇ ಹೋಗುವವರು. ನಮ್ಮ ಬಡಾವಣೆಯಲ್ಲಿ ಫುಟ್‌ಪಾತ್ ಚೆನ್ನಾಗಿದೆ, ಆದರೆ ನಡೆದು ಹೋಗುವುದೆಲ್ಲಿಗೆ? ಅಂಗಡಿ, ದೇವಸ್ಥಾನ ಎಲ್ಲಕ್ಕೂ ಕಾರೇ ಬೇಕು. ನಾವು ಆಫೀಸಿನಿಂದ ಬರುವವರೆಗೂ ಕಿಟಕಿ ಪಕ್ಕ ಕೂತಿರುತ್ತಿದ್ದರು. ಆರು ತಿಂಗಳಿಗೆಂದು ಬಂದವರು ಅರ್ಧಕ್ಕೇ ಟಿಕೆಟ್ ಬದಲಿಸಿ ಹೊರಟುಬಿಟ್ಟರು. ಎಡಿಸನ್‌ನ (ನ್ಯೂಜೆರ್ಸಿ) ಓಕ್ ಟ್ರೀ ರೋಡ್‌ನ ಭಾರತೀಯ ಅಂಗಡಿಗಳ ಹತ್ತಿರ ಇರುವ ಭಾವನ ಮನೆಯಲ್ಲಿ ಮಾತ್ರ ಅವರಿಗೆ ಬೇಜಾರೇ ಆಗಲಿಲ್ಲ. ತರಕಾರಿ ಅಂಗಡಿಯವರ ಪರಿಚಯ ಬೇರೆ ಮಾಡಿಕೊಂಡಿದ್ದರು. ಅಲ್ಲಿ ಮನೆ ಚಿಕ್ಕದು, ಟ್ಯಾಕ್ಸ್ ದೊಡ್ಡದು. ಈಗ ಹೊಸದಾಗಿ ಲೆಕ್ಕ ಹಾಕು ಅಂದರೆ ನಾನು ಆ ಟ್ಯಾಕ್ಸನ್ನೇ ಕಟ್ಟುತ್ತೇನೆ.