ಐದು ಅಕ್ಷರದಿಂದ ಶುರು ಮಾಡಿ

ಮಗುವಿಗೆ ಓದು ಕಲಿಸಲು ಟೀಚರೇ ಆಗಿರಬೇಕಿಲ್ಲ. ಕನ್ನಡ ಓದಲು ಬರುವ ಅಜ್ಜ, ಚಿಕ್ಕಮ್ಮ, ಕಾಲೇಜಿಗೆ ಹೋಗುವ ಅಣ್ಣ, ಪಕ್ಕದ ಮನೆಯವರು, ಯಾರು ಬೇಕಾದರೂ ಕಲಿಸಬಹುದು. ದಿನಕ್ಕೆ ಕಾಲು ಗಂಟೆ ಸಾಕು. ಆ ಕಾಲು ಗಂಟೆ ಮಾತ್ರ ನಿಮ್ಮ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಇಲ್ಲಿ ಹೇಳುತ್ತಿರುವುದು ಐದಾರು ವರ್ಷದ ಮಕ್ಕಳ ಮಾತು.

ಮೊದಲು ಕಿವಿ

ಸ್ಲೇಟು ಹಿಡಿಸುವ ಮುಂಚೆ ಒಂದು ವಾರ ಬರೀ ಸದ್ದಿನ ಆಟ ಆಡಿ. ಸೊಪ್ಪು ಬಿಡಿಸುತ್ತಾ ಕೇಳಿ: 'ಮರ, ಮನೆ, ಮಲ್ಲಿಗೆ. ಮೂರಕ್ಕೂ ಮೊದಲು ಬರೋ ಸದ್ದು ಯಾವುದು?' ಪದವನ್ನು ಚಪ್ಪಾಳೆ ತಟ್ಟಿ ಬಿಡಿಸಿ: ಗ, ರ, ಗ, ಸ, ನಾಲ್ಕು ಚಪ್ಪಾಳೆ. ಮಾತು ಸದ್ದುಗಳಿಂದ ಆಗಿದೆ ಅನ್ನುವುದು ಕಿವಿಗೆ ಹತ್ತದಿದ್ದರೆ ಅಕ್ಷರ ಮಗುವಿನ ಕಣ್ಣಿಗೆ ಬರೀ ಗೆರೆ. ರಾತ್ರಿ ಕಥೆ ಓದಿ ಹೇಳುವಾಗ ಸಾಲಿನ ಕೆಳಗೆ ನಿಮ್ಮ ಬೆರಳು ಓಡಲಿ.

ಆಮೇಲೆ ಐದೇ ಅಕ್ಷರ

ನಾವೆಲ್ಲ ಅ ಆ ಇ ಈ ಎಂದು ಬಾಯಿಪಾಠ ಮಾಡಿದವರು. ಆ ದಾರಿಯಲ್ಲಿ ಹೊರಟರೆ ಸ್ವರಗಳೆಲ್ಲ ಮುಗಿದರೂ ಓದುವುದಕ್ಕೆ ನೆಟ್ಟಗೆ ಒಂದು ಪದ ಸಿಗುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಶುರುವಾಗಿ, ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಈ ಕ್ರಮವನ್ನೇ ಬದಲಿಸಿತು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಬರೆಯುವ ಕೈಗೆ ಸುಲಭ, ಮೇಲಾಗಿ ಕೂಡಿಸಿದರೆ ತಕ್ಷಣ ಪದ: ಸರ, ದರ, ರಸ, ಅರಸ, ಅಗಸ. ನನಗೆ ತಿಳಿದಂತೆ ಮನೆಯಲ್ಲಿ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಪಕ್ಕದ ಮನೆಯ ಹುಡುಗಿಗೆ ಸಂಜೆ ಹೊತ್ತು ನಾನು ಹೀಗೇ ಕಲಿಸಿದೆ. ಹಳೆಯ ಲಗ್ನಪತ್ರಿಕೆ ಕತ್ತರಿಸಿ ಒಂದೊಂದು ಚೀಟಿಗೆ ಒಂದೊಂದು ಅಕ್ಷರ ಬರೆದಿದ್ದೆ. ದಿನಕ್ಕೊಂದೇ ಹೊಸ ಅಕ್ಷರ, ಉಳಿದದ್ದು ಹಳೆಯದರ ಆಟ. ಆರನೆಯ ದಿನ ನಾಲ್ಕು ಚೀಟಿ ಸಾಲಾಗಿ ಇಟ್ಟು ಸುಮ್ಮನೆ ಕೂತೆ. ಅವಳು ಬೆರಳಿಟ್ಟು 'ಗ... ರ... ಗ... ಸ' ಅಂದಳು. ಇನ್ನೊಂದು ಸಲ, ಸ್ವಲ್ಪ ಬೇಗ. ಮೂರನೇ ಸಲಕ್ಕೆ ತಲೆ ಎತ್ತಿ, 'ಅಜ್ಜಿ, ಗರಗಸ! ನಮ್ಮಪ್ಪಂದು!' ಅವಳ ಅಪ್ಪ ಮರಗೆಲಸದವರು. ಅವತ್ತು ಮನೆಗೆ ಹೋಗುವಾಗ ಆ ನಾಲ್ಕು ಚೀಟಿಗಳನ್ನೂ ಲಂಗದ ಜೇಬಿಗೆ ಹಾಕಿಕೊಂಡು ಹೋದಳು. ಮೊದಲ ವಾರದಲ್ಲೇ ಮಗುವಿಗೆ ಓದಿದ ಖುಷಿ ಸಿಗಬೇಕು ಅನ್ನುವುದು ಇದಕ್ಕೇ.

ಬರವಣಿಗೆಗೆ ಆತುರ ಬೇಡ

ಆ ವಯಸ್ಸಿನ ಬೆರಳಿಗೆ ಪೆನ್ಸಿಲ್ ದೊಡ್ಡ ಕೆಲಸ. ಅಗಲವಾದ ತಟ್ಟೆಯಲ್ಲಿ ರಾಗಿ ಹಿಟ್ಟು ತೆಳ್ಳಗೆ ಹರಡಿ ಬೆರಳಲ್ಲಿ ಬರೆಸಿ. ತಪ್ಪಿದರೆ ತಟ್ಟೆ ಅಲ್ಲಾಡಿಸಿದರಾಯಿತು, ಅಳಿಸಿದ ಗುರುತೂ ಉಳಿಯುವುದಿಲ್ಲ. ಎಡಗೈಯಲ್ಲಿ ಬರೆಯುವ ಮಗು ಎಡಗೈಯಲ್ಲೇ ಬರೆಯಲಿ, ದಯವಿಟ್ಟು ಬದಲಿಸಬೇಡಿ. ಒಂದೇ ಅಕ್ಷರವನ್ನು ಪುಟಗಟ್ಟಲೆ ಬರೆಸಿದರೆ ಕೊನೆಯ ಸಾಲಿನಷ್ಟೊತ್ತಿಗೆ ಅಕ್ಷರ ಸೊಟ್ಟಗಾಗಿರುತ್ತದೆ, ಮಗುವಿನ ಮುಖವೂ ಬಾಡಿರುತ್ತದೆ. ಚೆನ್ನಾಗಿ ನಾಲ್ಕು ಸಲ ಬರೆದರೆ ಸಾಕು.

ತಪ್ಪಿದಾಗ

ದೊಡ್ಡವರು ಎಡವುವುದೇ ಇಲ್ಲಿ. ಮಗು 'ಸ' ನೋಡಿ 'ದ' ಅಂದರೆ ಬಾಯಿ ತಡೆದುಕೊಂಡು ಮನಸ್ಸಿನಲ್ಲೇ ಐದು ಎಣಿಸಿ. ಎಷ್ಟೋ ಸಲ ಮಗು ತಾನೇ ತಿದ್ದಿಕೊಳ್ಳುತ್ತದೆ. ಇಲ್ಲವಾದರೆ ಎರಡೂ ಚೀಟಿ ಪಕ್ಕಪಕ್ಕ ಇಟ್ಟು 'ಎಲ್ಲಿ ಬೇರೆ ಥರ ಇದೆ ತೋರ್ಸು' ಅನ್ನಿ. 'ನಿನ್ನೆ ತಾನೇ ಹೇಳ್ಕೊಟ್ಟೆ' ಎಂಬ ಮಾತು ಬಾಯಿಗೆ ಬಂದೇ ಬರುತ್ತದೆ, ನುಂಗಿಬಿಡಿ. ಅಕ್ಕನ ಜೊತೆ ಹೋಲಿಕೆಯಂತೂ ಬೇಡವೇ ಬೇಡ. 'ಜಾಣೆ' ಅನ್ನುವುದಕ್ಕಿಂತ 'ದ ಅಂದಿದ್ದೆ, ನೀನೇ ನೋಡಿ ಸರಿ ಮಾಡ್ಕೊಂಡೆ' ಅನ್ನಿ. ಏನು ಮಾಡಿದ್ದರಿಂದ ಸರಿಯಾಯಿತು ಎಂದು ಮಗುವಿಗೆ ತಿಳಿಯುವುದು ಆಗ.

ಇನ್ನೊಂದು ಮಾತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಸು 'ಅಸು', ಹಕ್ಕಿ 'ಅಕ್ಕಿ'. ಅದು ಮನೆಯ ಮಾತು, ಮಗುವಿನ ದಡ್ಡತನವಲ್ಲ. ನಗಬೇಡಿ. ಹಕ್ಕಿಯ ಚಿತ್ರ, ಅಕ್ಕಿಯ ಕಾಳು ಎರಡನ್ನೂ ಮುಂದಿಟ್ಟು, 'ಪುಸ್ತಕದಲ್ಲಿ ಇದನ್ನ ಹೀಗೆ ಬರೀತಾರೆ' ಎಂದು ತೋರಿಸಿ.

ಲೆಕ್ಕಕ್ಕೂ ಇದೇ ದಾರಿ: ಮೊದಲು ಕೈ, ಆಮೇಲೆ ಅಂಕಿ. ಹುಣಸೆ ಬೀಜ ಹಿಡಿದು ಅಳಿಗುಳಿಮನೆಯ 14 ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋದರೆ ಎಣಿಕೆ ತಾನಾಗಿ ಬರುತ್ತದೆ. ಹತ್ತು ದಾಟಿದ ಮೇಲೆ ಪೊರಕೆ ಕಡ್ಡಿ ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ. ಒಂದು ಕಟ್ಟು, ಮೂರು ಬಿಡಿ ಕಡ್ಡಿ: ಹದಿಮೂರು.

ಯಾವಾಗ ನಿಲ್ಲಿಸಬೇಕು, ಯಾವಾಗ ಮುಂದೆ ಹೋಗಬೇಕು

ಮಗು ಇನ್ನೂ ಬೇಕು ಅನ್ನುವಾಗಲೇ ಎದ್ದುಬಿಡಿ, ನಾಳೆ ಅದೇ ನಿಮ್ಮನ್ನು ಕರೆಯುತ್ತದೆ. ಹಸಿವು, ನಿದ್ದೆ ಇದ್ದ ದಿನ ಪಾಠವೇ ಬೇಡ. ಐದು ಅಕ್ಷರ ಹೇಗೆ ಕಲೆಸಿಟ್ಟರೂ ತಡವರಿಸದೆ ಓದಿದರೆ ಮುಂದಿನ ಐದಕ್ಕೆ ಹೋಗಿ: ಜ, ವ, ಮ, ಬ, ನ. ಈಗ ಮರ, ಜನ, ನಗರ, ಬಸವ ಎಲ್ಲ ಕೈಗೆ ಬಂದವು. ಆಮೇಲೆ ಕಾಗುಣಿತದಲ್ಲಿ ಮೊದಲು ಇಳಿ ಒಂದನ್ನೇ ಹೇಳಿಕೊಡಿ. ದರ ದಾರವಾಗುತ್ತದೆ, ಸರ ಸಾರವಾಗುತ್ತದೆ.

ಅಷ್ಟಾದ ಮೇಲೆ ಮಗುವನ್ನು ಹೊರಗೆ ಕರೆದುಕೊಂಡು ಹೋಗಿ, ಅಂಗಡಿಯ ಬೋರ್ಡು ಓದಿಸಿ. ನಮ್ಮ ಹುಡುಗಿ ಒಂದು ದಿನ ಸ್ಟಾಪಿನಲ್ಲಿ ನಿಂತಿದ್ದ ಬಸ್ಸಿನ ಮೈಮೇಲೆ 'ನಗರ ಸಾ...' ಎಂದು ಓದಿ ನಿಂತಳು. 'ಅಜ್ಜಿ, ರ ತಲೆ ಮೇಲೆ ಏನೋ ಇದೆ.' ಮಾರನೆಯ ದಿನದ ಪಾಠ ಗುಡಿಸು.