ಅಜ್ಜನ ರುಮಾಲು ಎಲ್ಲಿ ಹೋಯಿತು

“ಮಾರಿ ಛಲೋ ಬಂದೈತಿ. ರುಮಾಲ ಎಲ್ಲಿ ಹೋತಪಾ?”

ಗದಗಿನ ಸಂತೆಯಲ್ಲಿ ಹಗ್ಗ, ಕಣ್ಣಿ, ಬಾರುಕೋಲು ಮಾರುವ ಅಜ್ಜ ಕೇಳಿದ ಮಾತಿದು. ಹಿಂದಿನ ವಾರ ಅವರಿಗೆ ತಿಳಿಯದಂತೆ ಒಂದು ಫೋಟೋ ತೆಗೆದಿದ್ದೆ. ಗಿರಾಕಿಯೊಬ್ಬ ಹಗ್ಗ ಜಗ್ಗಿ ನೋಡುತ್ತಿದ್ದ, ಅಜ್ಜ ಕಣ್ಣು ಕಿರಿದು ಮಾಡಿ ಅವನ ಕೈಯನ್ನೇ ನೋಡುತ್ತಿದ್ದರು. ಕಪ್ಪುಬಿಳುಪಿನಲ್ಲಿ ಪ್ರಿಂಟ್ ಹಾಕಿಸಿ ತಂದು ಕೊಟ್ಟೆ. ಮುಖದ ಗೆರೆ ಒಂದೊಂದೂ ಎಣಿಸುವ ಹಾಗೆ ಬಂದಿತ್ತು. ಆದರೆ ಬಿಳಿ ರುಮಾಲು ಹಿಂದಿನ ಬಿಳಿ ಆಕಾಶದೊಳಗೆ ಕರಗಿಹೋಗಿ, ಹುಬ್ಬಿನ ಮೇಲೆ ಕಾಗದ ಬಿಟ್ಟರೆ ಬೇರೇನೂ ಇರಲಿಲ್ಲ.

ನನಗೆ ಆ ಪ್ರಿಂಟ್ ಬಹಳ ಸೇರಿತ್ತು. ಅಜ್ಜ ಕೇಳಿದ ಮೇಲೆ ಅದನ್ನು ಮತ್ತೆ ನೋಡಲಾಗಲಿಲ್ಲ. ಐವತ್ತು ವರ್ಷ ಬರಿದಲೆಯಲ್ಲಿ ಹೊರಗೆ ಬಾರದ ಮನುಷ್ಯನನ್ನು ನಾನು ಬರಿದಲೆಯಲ್ಲಿ ನಿಲ್ಲಿಸಿದ್ದೆ.

ಧಾರವಾಡದಲ್ಲಿ ನನ್ನ ಮನೆ. ರಜೆ ಸಿಕ್ಕಾಗ ಬಸ್ಸು ಇಲ್ಲವೇ ಪ್ಯಾಸೆಂಜರ್ ರೈಲು ಹಿಡಿದು ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಮಂದಿಯ ಕಪ್ಪುಬಿಳುಪು ಫೋಟೋ ತೆಗೆಯುತ್ತ ತಿರುಗುತ್ತೇನೆ. ಎಪಿಎಸ್‌ಸಿ ಎಂಬ ಮಧ್ಯಮ ಅಳತೆಯ ಸೆನ್ಸರಿನ ಸಣ್ಣ ಕ್ಯಾಮೆರಾ, 23 ಎಂಎಂ ಲೆನ್ಸ್, ಇಷ್ಟೇ ಸರಂಜಾಮು. ಬೆಳಕು ಒಳಬರುವ ಕಿಂಡಿಯನ್ನು, ಅಂದರೆ ಅಪರ್ಚರನ್ನು, 8ಕ್ಕಿಟ್ಟು ಫೋಕಸ್ಸನ್ನು 2 ಮೀಟರಿಗೆ ಕಟ್ಟಿಬಿಟ್ಟರೆ ಸುಮಾರು ಒಂದೂಕಾಲು ಮೀಟರಿನಿಂದ ಐದು ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಆಟೋಫೋಕಸ್ ಮುಖ ಹುಡುಕುತ್ತ ಕೂರುವಷ್ಟರಲ್ಲಿ ಆ ನೋಟ ಹೋಗಿಬಿಟ್ಟಿರುತ್ತದೆ. ಹಾಗಾಗಿ ಅದರ ಗೊಡವೆಗೇ ಹೋಗುವುದಿಲ್ಲ. ಬಿಸಿಲಿನಲ್ಲಿ ಶಟರ್ ತೆರೆದಿರುವುದು ಸೆಕೆಂಡಿನ 500ರಲ್ಲಿ ಒಂದು ಪಾಲು. ಸ್ಕ್ರೀನ್ ಮೇಲೆ ಕಪ್ಪುಬಿಳುಪು ಕಾಣುವಂತೆ ಮಾಡಿಕೊಂಡು ರಾ ಎಂಬ ಕಚ್ಚಾ ಫೈಲನ್ನೂ ಉಳಿಸುತ್ತೇನೆ, ಅದರಲ್ಲಿ ಬಣ್ಣ ಹಾಗೇ ಇರುತ್ತದೆ. ಇದು ಯಾಕೆ ಬೇಕು ಎನ್ನುವುದು ಬ್ಯಾಡಗಿಯಲ್ಲಿ ತಿಳಿಯಿತು.

ಮೊದಲು ರುಮಾಲಿನ ವಿಷಯ. ಬೆಳಕು ಅಳೆಯುವ ಕ್ಯಾಮೆರಾದ ಮೀಟರು ತಾನು ಕಂಡದ್ದನ್ನೆಲ್ಲ ನಡುಬೂದಿ ಬಣ್ಣಕ್ಕೆ ತರಲು ನೋಡುತ್ತದೆ. ನಮ್ಮ ಕಡೆ ಹಿರಿಯರದು ಬಿಸಿಲಿಗೆ ಕಾಯ್ದ ಕಪ್ಪು ಮುಖ, ಮೇಲೆ ನೀಲಿ ಹಾಕಿ ಒಗೆದ ಬಿಳಿ ರುಮಾಲು, ಬಿಳಿ ಧೋತರ. ಮುಖಕ್ಕೆ ಬೆಳಕು ಹೊಂದಿಸಿದರೆ ಬಟ್ಟೆ ಸುಟ್ಟುಹೋಗುತ್ತದೆ, ಬಟ್ಟೆಗೆ ಹೊಂದಿಸಿದರೆ ಮುಖ ಇದ್ದಿಲಾಗುತ್ತದೆ. ಡಿಜಿಟಲ್‌ನಲ್ಲಿ ಕತ್ತಲನ್ನು ಆಮೇಲೆ ಒಂದಿಷ್ಟು ಎತ್ತಬಹುದು, ಪೂರ್ತಿ ಸುಟ್ಟ ಬಿಳಿ ಮಾತ್ರ ತಿರುಗಿ ಬರುವುದಿಲ್ಲ.

ದಾರಿ ಸಿಕ್ಕಿದ್ದು ಅಮೆರಿಕದ ಫೋಟೋಗ್ರಾಫರುಗಳಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ರೂಪಿಸಿದ ಜೋನ್ ಸಿಸ್ಟಮ್‌ನಲ್ಲಿ. ಕಡುಗಪ್ಪಿನಿಂದ ಅಚ್ಚಬಿಳಿಯ ತನಕ 0ಯಿಂದ 10ರವರೆಗೆ ವಲಯ. ಮೀಟರು ಹೇಳುವುದು ಯಾವಾಗಲೂ 5ನೆಯದು, ಅದೇ ನಡುಬೂದಿ. ಬಿಳಿ ಬಟ್ಟೆಯ ನೇಯ್ಗೆ ಕಾಣಬೇಕೆಂದರೆ ಅದು 7ರ ಆಸುಪಾಸಿನಲ್ಲಿ ಕೂರಬೇಕು, ಅಂದರೆ ಬಟ್ಟೆಗೆ ಹಿಡಿದ ಮೀಟರಿಗಿಂತ ಎರಡು ಸ್ಟಾಪ್ ಜಾಸ್ತಿ. ಒಂದು ಸ್ಟಾಪ್ ಏರಿಸಿದರೆ ಬೆಳಕು ಇಮ್ಮಡಿ. ಆದರೆ ಸಂತೆಯಲ್ಲಿ ಅಜ್ಜನ ತಲೆಗೆ ಮೀಟರ್ ಹಿಡಿಯುತ್ತ ನಿಂತರೆ ಅವರು ತಿರುಗಿ ನೋಡದೆ ಇರುತ್ತಾರೆಯೇ? ಅದಕ್ಕೆ ಹೆಗಲ ಮೇಲೆ ಒಂದು ಬಿಳಿ ಟವೆಲ್ಲು ಹಾಕಿಕೊಂಡು ಹೋಗತೊಡಗಿದೆ. ಅವರಿರುವಂಥದೇ ಬೆಳಕಿನಲ್ಲಿ ನಿಂತು ಒಂದು ಚುಕ್ಕೆಯಷ್ಟು ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ನನ್ನ ಟವೆಲ್ಲಿಗೇ ಹಿಡಿದು, ಎರಡು ಸ್ಟಾಪ್ ಏರಿಸಿ, ಮ್ಯಾನುವಲ್‌ನಲ್ಲಿ ಬಿಟ್ಟುಬಿಡುತ್ತೇನೆ. ಬೆಳಕು ಬದಲಾಗದಿದ್ದರೆ ತಾಸುಗಟ್ಟಲೆ ಕೈ ಹಚ್ಚುವ ಕೆಲಸವಿಲ್ಲ, ಕಣ್ಣು ಮುಖದ ಮೇಲೇ ಇರುತ್ತದೆ.

ಮಧ್ಯಾಹ್ನದ ಬಿಸಿಲಲ್ಲಿ ಇದೂ ಸಾಲದು, ಗಿಡದ ನೆರಳು ಬೇಕು, ಇಲ್ಲವೇ ತಗಡಿನ ಶೆಡ್ಡಿನ ಅಂಚು. ರೈಲಿನ ಕಿಟಕಿಯೂ ಆಗುತ್ತದೆ. ಹುಬ್ಬಳ್ಳಿಯಿಂದ ಗದಗಿಗೆ ರೈಲು ಪೂರ್ವಕ್ಕೆ ಹೋಗುತ್ತದೆ. ಚಳಿಗಾಲದ ಮುಂಜಾನೆ ಬಲಗಡೆಯ ಕಿಟಕಿಗಳಿಗೆ ಬಿಸಿಲು ನೇರ ಹೊಡೆಯುತ್ತದೆ, ಎಡಗಡೆ ಕೂತವರ ಮುಖಕ್ಕೆ ಬರೀ ಆಕಾಶದ ಮೆತ್ತನೆ ಬೆಳಕು. ಅಣ್ಣಿಗೇರಿ ದಾಟುವ ಹೊತ್ತಿಗೆ ಮಂದಿ ನನ್ನನ್ನು ಮರೆತು ತಮ್ಮ ತಮ್ಮ ಯೋಚನೆಗೆ ಬಿದ್ದಿರುತ್ತಾರೆ. ನನ್ನ ಒಳ್ಳೆಯ ಚಿತ್ರಗಳಲ್ಲಿ ಅರ್ಧದಷ್ಟು ಆ ಎಡಗಡೆಯ ಕಿಟಕಿಗಳವು.

ಬ್ಯಾಡಗಿಯದು ಬೇರೆಯೇ ಪಾಠ. ಸುಗ್ಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಗೆ ಹೋದರೆ ನೋಡಿದಲ್ಲೆಲ್ಲ ಕೆಂಪು. ಬ್ಯಾಡಗಿ ಕಾಯಿಗೆ ಹೆಸರು ಬಂದದ್ದೇ ಖಾರಕ್ಕಿಂತ ಬಣ್ಣದಿಂದ. ಆ ಬಣ್ಣ ತೆಗೆದರೆ ಏನುಳಿದೀತು ಅಂದುಕೊಂಡಿದ್ದೆ. ಉಳಿದದ್ದು ಕಾಯಿಯ ಸುಕ್ಕು, ಮತ್ತು ಮೂಗಿಗೆ ಸೆರಗು ಕಟ್ಟಿಕೊಂಡು ತೊಟ್ಟು ಮುರಿಯುವ ಹೆಂಗಸರ ಕಣ್ಣು.

ಅವರಲ್ಲೊಬ್ಬರು ಘಾಟಿಗೆ ಸೀನಿ, ಸೆರಗು ಕೆಳಗೆ ಜಾರಿ, ನಕ್ಕಾಗ ಒಂದು ಚಿತ್ರ ಸಿಕ್ಕಿತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಮುಖ ಬೆಳಗಲೆಂದು ಕೆಂಪಿನ ಸ್ಲೈಡರ್, ಅಂದರೆ ಕೆಂಪು ಬಣ್ಣ ಕಪ್ಪುಬಿಳುಪಿನಲ್ಲಿ ಎಷ್ಟು ಬೆಳ್ಳಗಾಗಬೇಕು ಎಂದು ಹೇಳುವ ಗುಂಡಿ, ಮೇಲಕ್ಕೆ ತಳ್ಳಿದೆ. ಮುಖ ಹೊಳೆಯಿತು. ನನ್ನ ಹಿಂದೆ ನಿಂತು ನೋಡುತ್ತಿದ್ದ ಅವ್ವ ಅಂದಳು: “ಪಾಪ, ಹಣಿ ಯಾಕ ಬೋಳ ಐತಿ?”

ಅವರ ಹಣೆಯ ಮೇಲೆ ಕಾಸಿನಗಲ ಕುಂಕುಮವಿತ್ತು. ಕೆಂಪನ್ನು ಎತ್ತಿದ್ದರಿಂದ ಕುಂಕುಮವೂ ಚರ್ಮದಷ್ಟೇ ಬೆಳ್ಳಗಾಗಿ ಮಾಯವಾಗಿತ್ತು. ಈಗ ಕೆಂಪಿನ ಸ್ಲೈಡರನ್ನು ಕೆಳಗಿಳಿಸುತ್ತೇನೆ, ಮುಖಕ್ಕೆ ಬೆಳಕು ಬೇಕಾದರೆ ಕಿತ್ತಳೆಯದನ್ನು ಎತ್ತುತ್ತೇನೆ. ನಮ್ಮ ಚರ್ಮದ ಬಣ್ಣ ಹೆಚ್ಚಾಗಿ ಇರುವುದು ಕಿತ್ತಳೆಯಲ್ಲಿ. ಹೀಗೆ ಮಾಡಿದರೆ ಕುಂಕುಮ ಕಪ್ಪಾಗಿ ನಿಲ್ಲುತ್ತದೆ, ಕಾಯಿಯ ರಾಶಿ ಗಾಢವಾಗುತ್ತದೆ, ಇಳಕಲ್ಲ ಸೀರೆಯ ಕೆಂಪು ಸೆರಗಿನೊಳಗಿನ ಬಿಳಿ ತೆನೆಗಳು ಎದ್ದು ಬರುತ್ತವೆ. ಬಣ್ಣವನ್ನು ಬಿಡುವವನು ಯಾವ ಬಣ್ಣ ಏನಾಗುತ್ತದೆ ಎಂದು ಬಣ್ಣದವರಿಗಿಂತ ಹೆಚ್ಚು ತಿಳಿದಿರಬೇಕು. ರುಮಾಲು, ಕುಂಕುಮ, ಸೆರಗು ಇವುಗಳಿಂದಲೇ ಇಲ್ಲಿನ ಮನುಷ್ಯ ತನ್ನನ್ನು ಗುರುತಿಸಿಕೊಳ್ಳುವುದು. ಕಪ್ಪುಬಿಳುಪಿನಲ್ಲಿ ಎಲ್ಲಕ್ಕಿಂತ ಮೊದಲು ಅಳಿಸಿಹೋಗುವುದೂ ಅವೇ.

ಕೇಳದೆ ಹೇಗೆ ತೆಗೆಯುತ್ತೀರಿ ಅಂತ ಬಹಳ ಮಂದಿ ಕೇಳುತ್ತಾರೆ. ಮೊದಲ ಒಂದು ಚಿತ್ರ ಕೇಳದೆ. ಆಮೇಲೆ ಹತ್ತಿರ ಹೋಗಿ ಸ್ಕ್ರೀನ್ ತೋರಿಸುತ್ತೇನೆ. ಬೇಡ ಎಂದರೆ ಅವರ ಕಣ್ಣೆದುರೇ ಅಳಿಸುತ್ತೇನೆ. ಬೇಕು ಎಂದವರು ಥಟ್ಟನೆ ನೆಟ್ಟಗಾಗಿ, ಕೈ ಕೆಳಗೆ ಬಿಟ್ಟು, ಸ್ಟುಡಿಯೋದಲ್ಲಿ ನಿಂತಂತೆ ನಿಲ್ಲುತ್ತಾರೆ. ಅದನ್ನೂ ಮನಸ್ಸಿಟ್ಟು ತೆಗೆಯುತ್ತೇನೆ, ಅದು ಅವರ ಪಾಲಿನ ಫೋಟೋ. ತೆಗೆದಾದ ಮೇಲೆ ಅಲ್ಲೇ ಕೂರುತ್ತೇನೆ. ಚಹಾ ಬರುತ್ತದೆ, ವ್ಯಾಪಾರ ಮತ್ತೆ ಸುರುವಾಗುತ್ತದೆ, ನನ್ನ ಪಾಲಿನದು ಆಗ ಸಿಗುತ್ತದೆ. ಹುಡುಗರನ್ನು ಮಾತ್ರ ದೊಡ್ಡವರನ್ನು ಕೇಳದೆ ತೆಗೆಯುವುದಿಲ್ಲ. ಸಂತೆಗೇ ಹೆಚ್ಚು ಹೋಗುವುದಕ್ಕೆ ಇನ್ನೊಂದು ಕಾರಣವಿದೆ: ಮುಂದಿನ ವಾರ ಅದೇ ದಿನ, ಅದೇ ಜಾಗದಲ್ಲಿ ಅದೇ ಮನುಷ್ಯ ಸಿಗುತ್ತಾನೆ, ಪ್ರಿಂಟ್ ಕೈಗೆ ಮುಟ್ಟುತ್ತದೆ.

ಹಗ್ಗದ ಅಜ್ಜನಿಗೆ ಸರಿಯಾದ ಪ್ರಿಂಟ್ ಮುಟ್ಟಿದ್ದು ನಾಲ್ಕನೆಯ ಸಂತೆಗೆ. ಈ ಸಲ ಬೇವಿನ ನೆರಳಲ್ಲಿ, ಹಿಂದೆ ಹಗ್ಗದ ಸುರುಳಿಗಳ ಕಪ್ಪು ಇರುವಂತೆ ತೆಗೆದಿದ್ದೆ. ಅಜ್ಜ ಅದನ್ನು ತೋಳಿನಷ್ಟು ದೂರ ಹಿಡಿದರು, ಹತ್ತಿರ ತಂದರು. ಮುಖ ನೋಡಲೇ ಇಲ್ಲ. ರುಮಾಲಿನ ಸುತ್ತುಗಳ ಮೇಲೆ ಬೆರಳಾಡಿಸುತ್ತ ಎಡಗಿವಿಯ ಮೇಲೆ ಬಂದು ನಿಲ್ಲಿಸಿದರು.

“ಇಲ್ಲಿ ನೋಡು ತಮ್ಮಾ, ಇದೊಂದು ಸುತ್ತು ಸಡ್ಲ ಆಗೇತಿ.”

ಅಂದವರೇ ತಲೆಯ ಮೇಲಿನದನ್ನು ಬಿಚ್ಚಿ, ತೊಡೆಯ ಮೇಲೆ ಹರವಿ, ಮೊದಲಿನಿಂದ ಸುತ್ತತೊಡಗಿದರು. ನಾನು ಟವೆಲ್ಲಿಗೆ ಮೀಟರ್ ಹಿಡಿದೆ.