ಎಡ ಮುಂಗಾಲಿನ ಬಿಸಿ

ಮೈಸೂರಿನ ರೇಸ್‌ಕೋರ್ಸ್‌ನಲ್ಲಿ ನಾನು ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು, ಆಗಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಲಾಯಕ್ಕೆ ಹೋದರೆ ಚಾಮುಂಡಿ ಬೆಟ್ಟದ ದೀಪ ಇನ್ನೂ ಉರಿಯುತ್ತಿರುತ್ತಿತ್ತು. ಮೊದಲು ಮೇವಿನ ತೊಟ್ಟಿ ನೋಡಬೇಕು. ರಾತ್ರಿ ಹಾಕಿದ ಓಟ್ಸ್ ಉಳಿದಿದ್ದರೆ ಏನೋ ಎಡವಟ್ಟಾಗಿದೆ ಅಂತ ಅರ್ಥ. ಆಮೇಲೆ ಕಾಲು.

ಕಾಲು ಮುಟ್ಟುವುದನ್ನು ಕಲಿಸಿದ್ದು ನನ್ನ ಚಿಕ್ಕಪ್ಪ. ಕಾಲಿಗೆ ಸುತ್ತಿದ ಬ್ಯಾಂಡೇಜ್ ಬಿಚ್ಚಿದ ಕೂಡಲೇ ಮುಟ್ಟಬಾರದು, ಆಗ ಎಲ್ಲವೂ ಬೆಚ್ಚಗೇ ಇರುತ್ತವೆ. ಸ್ವಲ್ಪ ಹೊತ್ತು ಬಿಟ್ಟು, ಒಂದೇ ಕೈಯಲ್ಲಿ ಎರಡೂ ಮುಂಗಾಲು ಸವರಿ ಬಿಸಿ ಇದೆಯಾ ನೋಡಬೇಕು. "ಒಂದ್ ಕಾಲು ಮುಟ್ಟಿದ್ರೆ ಏನೂ ಗೊತ್ತಾಗಲ್ಲ ಕಣೋ. ಅದಕ್ಕೂ ಇದಕ್ಕೂ ಏನ್ ವ್ಯತ್ಯಾಸ ನೋಡು" ಅನ್ನುತ್ತಿದ್ದರು. ಕುದುರೆಗೆ ಮುಂಗಾಲಿನ ಮಂಡಿಯ ಕೆಳಗೆ ಮಾಂಸವೇ ಇಲ್ಲ. ಮೂಳೆ, ಹಿಂದೆ ನರ, ಮೇಲೆ ಚರ್ಮ, ಅಷ್ಟೆ. ನಾವು ನರ ಅನ್ನುವುದನ್ನು, ಮಾಂಸವನ್ನು ಮೂಳೆಗೆ ಕಟ್ಟುವ ಆ ಹುರಿಯನ್ನು, ಡಾಕ್ಟರು ಟೆಂಡನ್ ಅನ್ನುತ್ತಾರೆ. ನಾನೂರೈವತ್ತು ಕಿಲೋ ಮೈ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುವಾಗ ಅದು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ.

ನನ್ನ ಕೈಗೆ ಬಂದ ಫಿಲ್ಲಿಗೆ, ಅಂದರೆ ಎಳೆಯ ಹೆಣ್ಣು ಕುದುರೆಗೆ, ಆಗ ಎರಡು ವರ್ಷ. ಲಾಯದಲ್ಲಿ ಚೆಲುವಿ ಅಂತಿದ್ದೆವು. ನಮ್ಮಲ್ಲಿ ರೇಸ್ ಕುದುರೆಗಳಿಗೆಲ್ಲ ಜನವರಿ 1ಕ್ಕೇ ವಯಸ್ಸು ಏರುವುದು. ಇವಳು ಏಪ್ರಿಲ್ ಕೊನೆಗೆ ಹುಟ್ಟಿದವಳು, ಜನವರಿ ಮರಿಗಳ ಎದುರು ಸಣ್ಣಗೆ ಕಾಣುತ್ತಿದ್ದಳು. ಮೊದಲ ಓಟದಲ್ಲಿ ಕೊನೆ. ಮೂರನೇ ವರ್ಷಕ್ಕೆ ಮೈ ತುಂಬಿತು, 1200 ಮೀಟರಿನಲ್ಲಿ ಒಂದು, 1400ರಲ್ಲಿ ಒಂದು ಗೆದ್ದಳು. ಹ್ಯಾಂಡಿಕ್ಯಾಪ್‌ನಲ್ಲಿ (ಎಲ್ಲ ಕುದುರೆಗಳಿಗೂ ಗೆಲ್ಲುವ ಅವಕಾಶ ಸಮ ಇರಲಿ ಅಂತ ಭಾರ ಹೊರಿಸುವ ಓಟ) ಗೆದ್ದಷ್ಟೂ ಭಾರ ಜಾಸ್ತಿ, ಜೀನಿನ ಕೆಳಗೆ ಸೀಸ ಸೇರುತ್ತದೆ. ಗೆದ್ದದ್ದಕ್ಕೆ ಶಿಕ್ಷೆ ಅಲ್ವಾ ಅಂತ ನನಗೆ ಯಾವಾಗಲೂ ಅನ್ನಿಸುತ್ತಿತ್ತು.

ನಾಲ್ಕನೇ ವರ್ಷ, ಮಳೆಗಾಲ. ಟ್ರ್ಯಾಕ್ ನೆನೆದು ಭಾರವಾಗಿತ್ತು. ಗ್ಯಾಲಪ್ (ಜೋರು ಓಟದ ಅಭ್ಯಾಸ) ಮಾಡಿದ ಮರುದಿನ ಎಡಗಾಲು ಒಂದಿಷ್ಟು ಬಿಸಿ. ಊತವಿಲ್ಲ, ಕುಂಟೂ ಇಲ್ಲ. ಓಟಕ್ಕೆ ನಾಲ್ಕೇ ದಿನ.

ಎರಡು ವರ್ಷ ಹಿಂದೆ ಇನ್ನೊಂದು ಗಂಡು ಕುದುರೆಯ ಕಾಲಲ್ಲಿ ಇದೇ ಬಿಸಿ ಸಿಕ್ಕಿತ್ತು. ಬಿಸಿಲಿಗೆ ನಿಂತಿತ್ತಲ್ಲ, ಅದಕ್ಕೇ ಅಂತ ಸುಮ್ನೆ ಬಿಟ್ಟಿದ್ದೆ. ಅದು ಕೊನೆಯ ತಿರುವಿನಲ್ಲಿ ಕಾಲು ಎತ್ತಿ ನಿಂತುಬಿಟ್ಟಿತು. ಮತ್ತೆ ಓಡಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಈ ಸಲ ಟ್ರೇನರ್ ಹತ್ತಿರ ಹೋಗಿ "ಸರ್, ಎಡಗಾಲು ನೋಡಿ" ಅಂದೆ. ಅವರು ಸವರಿ ಏನೂ ಇಲ್ಲವಲ್ಲ ಅಂದರು. "ಇನ್ನೊಂದ್ಸಲ ನೋಡಿ ಸರ್." ಸ್ಕ್ಯಾನ್ ಮಾಡಿಸಿದಾಗ ನರದ ನಡುವೆ ಸಣ್ಣ ಕಪ್ಪು ಚುಕ್ಕೆ. ಎಳೆಗಳು ಹರಿದಿದ್ದವು. ಓಟದಿಂದ ತೆಗೆದರು. ಮಾಲೀಕರು ಒಂದು ವಾರ ನನ್ನ ಮುಖ ನೋಡಲಿಲ್ಲ.

ಮೊದಮೊದಲು ದಿನಕ್ಕೆ ಎರಡು ಹೊತ್ತು, ಇಪ್ಪತ್ತಿಪ್ಪತ್ತು ನಿಮಿಷ ತಣ್ಣೀರು ಬಿಟ್ಟೆ. ಆಮೇಲೆ ತಿಂಗಳುಗಟ್ಟಲೆ ಬರೀ ನಡಿಗೆ. ನರ ಕೂಡಲು ಹತ್ತಿರಹತ್ತಿರ ಒಂದು ವರ್ಷ ಬೇಕು. ತಿರುಗಿ ಬಂದು ಎರಡು ಓಟ ಓಡಿದಳು, ಒಂದರಲ್ಲಿ ನಾಲ್ಕನೆಯವಳು. ಹಳೆಯ ವೇಗ ಇರಲಿಲ್ಲ. ಐದನೇ ವರ್ಷದ ಕೊನೆಗೆ ಮರಿ ಹಾಕಿಸಲು ಸ್ಟಡ್ ಫಾರ್ಮ್‌ಗೆ ಕಳಿಸಿದರು. ಲಾರಿ ಹತ್ತಿಸುವಾಗಲೂ ನನ್ನ ಕೈ ತಾನಾಗಿ ಎಡಗಾಲಿಗೆ ಹೋಯಿತು. ತಣ್ಣಗಿತ್ತು.